ಬಲಗಾಲು ಮುಂದಿಟ್ಟು

ಗುಲ್ಮಾರ್ಗಿನ ಹಿಮದ ಬಯಲಿನಲ್ಲಿ ನಿಂತು, ಮುಂದಿದ್ದ ಇಳಿಜಾರನ್ನು ಸಶಂಕನಾಗಿ ಅಳೆಯುತ್ತಿದ್ದ ನನ್ನ ಬೆನ್ನಿಗೆ, ಹೇಳದೆ ಕೇಳದೆ, ನನ್ನ ಗುರುವು ಒಂದು ನೂಕು ಕೊಟ್ಟನು. ಮುಗ್ಗರಿಸಿದೆನು, ಬೀಳಬಾರದೆಂದು ಒಂದು ಕಾಲು, ನನ್ನ ಅಪ್ಪಣೆಗೆ ಕಾಯದೆ, ತಾನೇ ಮುಂದಕ್ಕೆ ಚಿಮ್ಮಿ ನೆಲಕ್ಕೆ ಊರಿಕೊಂಡಿತು. ನೂಕಿದ್ದಕ್ಕೆ ಕ್ಷಮೆ ಬೇಡುವ ಬದಲು ಆತನು ಬಗ್ಗಿ ಆ ಕಾಲನ್ನು ನೋಡಿ, "ದಾಯಾಂ ಪೈರ್. ಗೂಫಿ" ಎಂದು ತೀರ್ಪು ಕೊಟ್ಟನು. ನನಗಾಗ 47 ವರ್ಷ. ಗುರುವಿಗೆ ಅದರ ಅರ್ಧವೂ ಇದ್ದಿರಲಾರದು.

ಸ್ನೋಬೋರ್ಡಿನವರ ಪರಿಭಾಷೆಯಲ್ಲಿ ಎಡಗಾಲನ್ನು ಮುಂದಿಟ್ಟು ಜಾರುವವನು 'ರೆಗ್ಯುಲರ್', ಬಲಗಾಲನ್ನು ಮುಂದಿಡುವವನು 'ಗೂಫಿ'. ಇಂಗ್ಲಿಷಿನಲ್ಲಿ ಗೂಫಿ ಎಂದರೆ ಪೆದ್ದು, ತಿಕ್ಕಲು ಎಂಬ ಅರ್ಥವುಂಟಷ್ಟೆ. ಹೊಸ್ತಿಲ ಮೇಲಣ ಸೇರಕ್ಕಿಯನ್ನು ಬಲಗಾಲಿನಿಂದ ಚೆಲ್ಲಿ ಒಳಬರುವ ವಧುವನ್ನು ಸಾಕ್ಷಾತ್ ಲಕ್ಷ್ಮಿಯೆಂದು ಬರಮಾಡಿಕೊಳ್ಳುವ ನಾಡಿನವನಾದ ನನಗೆ, ಬಲಗಾಲನ್ನು ಮುಂದಿಟ್ಟದ್ದೇ ಪೆದ್ದುತನದ ಲಕ್ಷಣವೆಂದು ಕೇಳಿ ಕೊಂಚ ಖೇದವಾಯಿತು. ಆದರೆ ನಾನು ನಿಜವಾಗಿ ಬೆರಗಾದದ್ದು ಬೇರೊಂದಕ್ಕೆ. ಇಷ್ಟು ವರ್ಷ ಈ ಎರಡು ಕಾಲುಗಳ ಮೇಲೆ ಓಡಾಡಿದ ಮೇಲೂ ಇವುಗಳಲ್ಲಿ ಮುಂದಾಳು ಯಾವುದೆಂಬುದು ನನಗೆ ತಿಳಿದಿರಲಿಲ್ಲ. ಕೇಳಿದ್ದರೆ ಸಾವಧಾನವಾಗಿ ಯೋಚಿಸಿ ತಪ್ಪು ಉತ್ತರವನ್ನು ಕೊಡುತ್ತಿದ್ದೆನು. ಅದಕ್ಕೆಂದೇ ಅವರು ಕೇಳುವುದಿಲ್ಲ, ನೂಕುತ್ತಾರೆ.

ಸ್ನೋಬೋರ್ಡ್ ಎಂಬುದು ಮೂಲತಃ ಒಂದು ಹಲಗೆ. ನೆಟ್ಟಗೆ ನಿಲ್ಲಿಸಿದರೆ ಕಲಿಯುವವನ ಗಲ್ಲಕ್ಕೂ ಮೂಗಿಗೂ ನಡುವೆ ಎಲ್ಲಿಯಾದರೂ ಬರುವಷ್ಟು ಉದ್ದ. ಒಳಗೆ ಮರದ ತಿರುಳು, ಅದರ ಮೇಲೂ ಕೆಳಗೂ ಗಾಜಿನೆಳೆಯ ಹೊದಿಕೆ, ತಳಕ್ಕೆ ನುಣುಪಾದ ಪಾಲಿಎಥಿಲೀನ್, ಅಂಚಿಗೆ ಉಕ್ಕಿನ ಪಟ್ಟಿ. ಸ್ಕೀ ಆಡುವವನಿಗೆ ಕಾಲಿಗೊಂದರಂತೆ ಎರಡು ಪಟ್ಟಿಗಳೂ ಕೈಗೊಂದರಂತೆ ಎರಡು ಕೋಲುಗಳೂ ಉಂಟು. ಮುಖವು ಹೋಗುವ ದಿಕ್ಕಿಗೇ ಇರುತ್ತದೆ. ಜೋರಾಗಿ ಬಿದ್ದರೆ ಪಟ್ಟಿಗಳು ತಾವಾಗಿಯೇ ಬೂಟಿನಿಂದ ಕಳಚಿಕೊಂಡು ಕಾಲನ್ನು ಉಳಿಸುತ್ತವೆ. ಇಲ್ಲಿ ಅಂತಹ ಔದಾರ್ಯವಿಲ್ಲ. ಎರಡು ಪಾದಗಳನ್ನೂ ಒಂದೇ ಹಲಗೆಯ ಮೇಲೆ ಅಡ್ಡಲಾಗಿ ಇರಿಸಿ ಪಟ್ಟಿ ಬಿಗಿಯುತ್ತಾರೆ, ಬಿದ್ದರೂ ಅದು ಬಿಡದು, ಊರಲು ಕೋಲಿಲ್ಲ, ಮೈಯೊಂದು ದಿಕ್ಕಿಗೆ, ಪಯಣವೊಂದು ದಿಕ್ಕಿಗೆ. ಸ್ಕೀ ಕಲಿಯಲು ಸುಲಭ, ಪಳಗಲು ಕಷ್ಟ; ಸ್ನೋಬೋರ್ಡ್ ಕಲಿಯಲು ಕಷ್ಟ, ಪಳಗಲು ಸುಲಭ ಎಂದು ಹಿಮಪ್ರದೇಶದವರಲ್ಲಿ ಒಂದು ಮಾತಿದೆ. ಇದರ ಕೊನೆಯ ಮಾತಿನ ಸತ್ಯಾಸತ್ಯತೆಯನ್ನು ಹೇಳುವ ಅಧಿಕಾರ ನನಗಿನ್ನೂ ಬಂದಿಲ್ಲ. ಪೂರ್ವಾರ್ಧವೂ ಬೇಡ, ಅದು ಸ್ಕೀಯವರ ಪಾಡು. ಸ್ನೋಬೋರ್ಡ್ ಕಲಿಯಲು ಕಷ್ಟವೆಂಬುದಕ್ಕೆ ಮಾತ್ರ ನನ್ನ ಸೊಂಟವೇ ಸಾಕ್ಷಿ.

ಇಷ್ಟು ನಿಷ್ಠುರವಾದ ಈ ವಿದ್ಯೆಯ ಹುಟ್ಟು ಮಾತ್ರ ಮಕ್ಕಳಾಟದಲ್ಲಿ ಆದದ್ದು. 1965ರ ಕ್ರಿಸ್‌ಮಸ್ ದಿನ, ಅಮೆರಿಕದ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಎಂಬ ಊರಿನಲ್ಲಿ, ಶರ್ಮನ್ ಪಾಪೆನ್ ಎಂಬ ಎಂಜಿನಿಯರನು ತನ್ನ ಹೆಣ್ಣುಮಕ್ಕಳನ್ನು ಆಡಿಸುವುದಕ್ಕೆಂದು ಎರಡು ಸ್ಕೀಗಳನ್ನು ಪಕ್ಕಪಕ್ಕದಲ್ಲಿಟ್ಟು ಅಡ್ಡಪಟ್ಟಿಯಿಂದ ಬಿಗಿದು, ಅದರ ಮೇಲೆ ನಿಂತು ದಿಬ್ಬದಿಂದ ಜಾರುವಂತೆ ಮಾಡಿಕೊಟ್ಟನು. ಹಿಮಕ್ಕೂ ಕಡಲಿನ ಅಲೆಯಾಟಕ್ಕೂ ಇಂಗ್ಲಿಷಿನಲ್ಲಿರುವ ಹೆಸರುಗಳನ್ನು ಸಂಧಿಮಾಡಿ ಅವನ ಹೆಂಡತಿ ಅದನ್ನು 'ಸ್ನರ್ಫರ್' ಎಂದು ಕರೆದಳು. ಆಟಿಕೆಯಾಗಿ ಅಂಗಡಿಗೆ ಬಂದ ಆ ಹಲಗೆಯನ್ನು ಹುಡುಗತನದಲ್ಲಿ ಪಡೆದವರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಒಬ್ಬನು. 'ಬಡಗಿ' ಎಂಬ ಅರ್ಥದ ಮನೆತನದ ಹೆಸರನ್ನು ಸಾರ್ಥಕಗೊಳಿಸುವಂತೆ ಅವನು 1977ರಲ್ಲಿ ವರ್ಮಾಂಟ್ ಸಂಸ್ಥಾನದಲ್ಲಿ ಈ ಹಲಗೆಗಳನ್ನು ಮಾಡಿ ಮಾರುವ ಉದ್ಯಮಕ್ಕೇ ಇಳಿದನು. ಸ್ಕೀಯವರಿಗೆ ಈ ಹೊಸಬರನ್ನು ಕಂಡರಾಗಲಿಲ್ಲ. ಹಿಮಕ್ರೀಡೆಯ ಬೆಟ್ಟಗಳಲ್ಲಿ ಬಹುಪಾಲು ಇವರಿಗೆ ಬಾಗಿಲು ಮುಚ್ಚಿದ್ದುವು. ವರ್ಮಾಂಟಿನ ಸ್ಟ್ರ್ಯಾಟನ್ ಬೆಟ್ಟದವರು 1983ರಲ್ಲಿ ಒಳಕ್ಕೆ ಬಿಟ್ಟ ತರುವಾಯ ಈ ಪಂಕ್ತಿಭೇದವು ಕ್ರಮೇಣ ಸಡಿಲವಾಗಿ, 1998ರಲ್ಲಿ ಜಪಾನಿನ ನಾಗಾನೋದ ಒಲಿಂಪಿಕ್ ಕೂಟದಲ್ಲಿಯೇ ಸ್ನೋಬೋರ್ಡಿಗೆ ಎಲೆ ಹಾಕಿ ಬಡಿಸಿದರು. ಆದರೂ ಯೂಟಾ ಸಂಸ್ಥಾನದ ಆಲ್ಟಾ, ಡೀರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್ ಎಂಬ ಮೂರು ಬೆಟ್ಟಗಳಲ್ಲಿ ಮಡಿ ಇನ್ನೂ ನಡೆದುಕೊಂಡು ಬಂದಿದೆ.

ಗುಲ್ಮಾರ್ಗಿನಲ್ಲಿ ಅಂತಹ ಮಡಿಯಿಲ್ಲ. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪೀರ್ ಪಂಜಾಲದ ಮಡಿಲಿನಲ್ಲಿ, ಸಮುದ್ರಮಟ್ಟಕ್ಕೆ 2,650 ಮೀಟರ್ ಎತ್ತರದಲ್ಲಿರುವ ಈ ಬೋಗುಣಿಯಾಕಾರದ ಹುಲ್ಲುಗಾವಲು ಬೇಸಿಗೆಯಲ್ಲಿ ಹೂವಿನದು, ಚಳಿಗಾಲದಲ್ಲಿ ಹಿಮದ್ದು. ಮೆಡಿಟರೇನಿಯನ್ ಕಡೆಯಿಂದ ಹೊರಟು ಬರುವ ಪಶ್ಚಿಮದ ಮಾರುತಗಳು ಈ ಬೆಟ್ಟಸಾಲಿಗೆ ಬಡಿದು ತಮ್ಮ ಭಾರವನ್ನು ಇಲ್ಲಿ ಇಳಿಸುತ್ತವೆ. ಇಳಿಸದ ವರ್ಷಗಳೂ ಉಂಟು, 2024ರ ಜನವರಿಯಲ್ಲಿ ಈ ಬಯಲು ಹಿಮವಿಲ್ಲದೆ ಕಂದುಬಣ್ಣದ ಹುಲ್ಲನ್ನು ತೋರಿಸಿಕೊಂಡು ಬಿದ್ದಿತ್ತು. ಬ್ರಿಟಿಷ್ ಅಧಿಕಾರಿಗಳು 1920ರ ದಶಕದಲ್ಲಿಯೇ ಇಲ್ಲಿ ಸ್ಕೀ ಆಟವನ್ನು ಆರಂಭಿಸಿದ್ದರು. ಈಗ ಗೊಂಡೋಲವೆಂಬ ತೂಗುಬಂಡಿಯು ಎರಡು ಹಂತಗಳಲ್ಲಿ, ಮೊದಲು ಕೊಂಗ್ದೂರಿಗೂ ಅಲ್ಲಿಂದ ಅಫರ್ವಟ್ ಶಿಖರದ ಭುಜದವರೆಗೂ, ಹೆಚ್ಚುಕಡಿಮೆ 4,000 ಮೀಟರಿನ ಎತ್ತರಕ್ಕೆ ಜನರನ್ನು ಒಯ್ಯುತ್ತದೆ. ಅಲ್ಲಿಂದ ಇಳಿಯುವವರು ಬೇರೆ ಜಾತಿಯವರು. ನನ್ನಂತಹವರ ವಿದ್ಯಾಭ್ಯಾಸವೆಲ್ಲ ಕೆಳಗಿನ ಬೋಗುಣಿಯ ಅಂಚಿನಲ್ಲಿ, ಸ್ಲೆಡ್ಜ್ ಎಳೆಯುವವರ ಕೂಗಾಟದ ನಡುವೆ.

ಹಿಮವನ್ನೇ ಕಾಣದ ಕನ್ನಡನಾಡಿನವನಿಗೆ ಈ ಹುಚ್ಚೇಕೆ ಎಂದು ಮನೆಯವರೂ ಕೇಳಿದರು. ಕೊಡಗಿನ ತೆಕ್ಕಡ ಭವಾನಿಯವರು ಸ್ಕೀಯ ಒಂದು ಪ್ರಕಾರವಾದ ಕ್ರಾಸ್ ಕಂಟ್ರಿಯನ್ನು ಕಲಿತು, ಇದೇ ಗುಲ್ಮಾರ್ಗಿನಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ಗೆದ್ದು, ವಿದೇಶದ ಸ್ಪರ್ಧೆಗಳಿಗೂ ಹೋಗಿಬಂದಿರುವುದನ್ನು ನಾನು ಸಮರ್ಥನೆಗಾಗಿ ಮುಂದಿಟ್ಟೆನು. ಆ ತರುಣಿಗೂ ನಿಮಗೂ ಏನು ಹೋಲಿಕೆ ಎಂಬ ಮರುಪ್ರಶ್ನೆಗೆ ಉತ್ತರವಿರಲಿಲ್ಲ. ನಿಜವಾದ ಕಾರಣವನ್ನು ಹೇಳಬೇಕೆಂದರೆ, ಹಿಂದಿನ ದಿನ ಹಿಮವನ್ನು ನೋಡಲೆಂದು ಬಂದು ನಿಂತಿದ್ದಾಗ, ಎಂಟು ವರ್ಷದ ಒಬ್ಬ ಕಾಶ್ಮೀರಿ ಬಾಲಕಿ, ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಒಂದು ಹಳೆಯ ಹಲಗೆಯ ಮೇಲೆ ನನ್ನ ಪಕ್ಕದಲ್ಲಿಯೇ ಸರ್ರನೆ ಹಾದುಹೋದಳು. ಆ ನಿರಾಯಾಸವು ನನ್ನನ್ನು ಕೆಣಕಿತು.

ಮೊದಲ ದಿನದ ಪಾಠವು ಜಾರುವುದಲ್ಲ, ಏಳುವುದು. ಹಿಮದ ಮೇಲೆ ಕುಳಿತು ಎರಡು ಬೂಟುಗಳನ್ನೂ ಹಲಗೆಗೆ ಬಿಗಿದಾದ ಮೇಲೆ, ಎದ್ದು ನಿಲ್ಲುವುದೆಂಬ, ಮಾನವಕುಲವು ಎಂದೋ ಸಾಧಿಸಿಬಿಟ್ಟ ಕಾರ್ಯವು ಪುನಃ ಸಮಸ್ಯೆಯಾಗುತ್ತದೆ. ಬೆನ್ನ ಹಿಂದೆ ಕೈಯೂರಿ ಮೇಲೆತ್ತಿಕೊಂಡರೆ ಹಲಗೆಯು ಚಪ್ಪಟೆಯಾಗಿ ಜಾರುತ್ತದೆ, ನಾವು ಮತ್ತೆ ಕೂರುತ್ತೇವೆ. ಹಿಮ್ಮಡಿಯನ್ನು ಒತ್ತಿ ಹಿಡಿದರೆ ಹಲಗೆಯು ನಿಲ್ಲುತ್ತದೆ, ಆದರೆ ಸೊಂಟವೇಳದು. ಆರನೆಯ ಸಲವೋ ಏಳನೆಯ ಸಲವೋ, ಒಂದು ಕೈಯಿಂದ ಹಲಗೆಯ ಮುಂದಣ ಅಂಚನ್ನು ಹಿಡಿದು, ಇನ್ನೊಂದರಿಂದ ಹಿಮವನ್ನು ತಳ್ಳಿ, ಹೆರಿಗೆ ನೋವಿನ ಹೆಂಗಸಿನ ಹಾಗೆ ಉಸಿರು ಬಿಡುತ್ತ ಎದ್ದು ನಿಂತೆನು. ಕೈಗವುಸಿನೊಳಗೆ ಹೊಕ್ಕಿದ್ದ ಹಿಮವು ಕರಗಿ ಮೊಣಕೈಯ ಕಡೆಗೆ ಹರಿಯುತ್ತಿದ್ದಿತು. ಕಿವಿಯೊಳಗೆ ನಾಡಿ ಬಡಿಯುತ್ತಿದ್ದಿತು. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕವು ನಮ್ಮ ಬಯಲುಸೀಮೆಯಲ್ಲಿ ಸಿಗುವುದಕ್ಕಿಂತ ಕಡಿಮೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆನು. ಈಗ ಎದೆಯೇ ಓದಿ ಹೇಳಿತು.

ಹಲಗೆಯು ಜಾರುವುದಾದರೂ ಏಕೆ? ಮೈಭಾರದ ಒತ್ತಡಕ್ಕೆ ಹಿಮ ಕರಗಿ ನೀರಾಗಿ, ಆ ನೀರಿನ ಮೇಲೆ ಜಾರುತ್ತದೆಂದು ಬಹುಕಾಲ ನಂಬಿದ್ದರು. ಶಾಲೆಯಲ್ಲಿ ನನಗೂ ಹಾಗೆಂದೇ ಕಲಿಸಿದ್ದರು. ಆದರೆ ಅಷ್ಟು ಅಗಲದ ಹಲಗೆಯಲ್ಲಿ ಹಂಚಿಹೋಗುವ ಭಾರಕ್ಕೆ ಆ ಶಕ್ತಿಯಿಲ್ಲ. ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಸ್ವಿಟ್ಸರ್ಲೆಂಡಿನ ಯುಂಗ್‌ಫ್ರಾವ್‌ಯೋಕ್ ಎಂಬ ಎತ್ತರದ ಹಿಮಕಣಿವೆಯಲ್ಲಿ ಪ್ರಯೋಗ ನಡೆಸಿ, ಜಾರುವಾಗಿನ ಉಜ್ಜಾಟದಿಂದ ಹುಟ್ಟುವ ಶಾಖವೇ ತೆಳುವಾದ ನೀರಿನ ಪೊರೆಯನ್ನು ಉಂಟುಮಾಡುತ್ತದೆಂದು 1939ರಲ್ಲಿ ಪ್ರಕಟಿಸಿದರು. ಶಾಖವನ್ನು ಬೇಗ ಒಯ್ದುಬಿಡುವ ಲೋಹದ ತಳವು ಕಡಿಮೆ ಜಾರುವುದೇ ಅವರ ವಾದಕ್ಕೆ ಬೆಂಬಲವಾಯಿತು. ಎಂದಮೇಲೆ ಜಾರುವಿಕೆಯೇ ಜಾರುವಿಕೆಗೆ ಎಣ್ಣೆಯೆರೆಯುತ್ತದೆ. ನಿಂತ ಹಲಗೆಯು ಮೊಂಡು, ಹೊರಟ ಹಲಗೆಯು ಉಡಾಳ. ಆ ನೀರು ಹೆಚ್ಚಾದರೆ ತಳವನ್ನು ಹೀರಿ ಹಿಡಿಯುತ್ತದೆಂದು ಹಲಗೆಗೆ ಆಗಾಗ ಮೇಣ ಸವರಬೇಕು. ನನಗೆ ಬಾಡಿಗೆಗೆ ಕೊಟ್ಟ ಅಂಗಡಿಯವನು ಆ ಹಲಗೆಗೆ ಮೇಣ ತೋರಿಸಿ ಎಷ್ಟು ಕಾಲವಾಗಿದ್ದಿತೋ, ಮಧ್ಯಾಹ್ನದ ಬಿಸಿಲಿಗೆ ಹಿಮ ಒದ್ದೆಯಾದೊಡನೆ ಅದು ಅಲ್ಲಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದಿತು. ಅವನ ಅಲಕ್ಷ್ಯವೇ ಆ ದಿನ ನನಗೆ ಬ್ರೇಕಾಗಿ ಒದಗಿತೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಎದ್ದು ನಿಂತ ಮೇಲೆ ಕಲಿಯುವುದು ಅಂಚಿನ ವಿದ್ಯೆ. ಇಳಿಜಾರಿನಲ್ಲಿ ಒಂದು ಚೊಂಬು ನೀರು ಸುರಿದರೆ ಅದು ಹರಿದಿಳಿಯುವ ನೇರದಾರಿಗೆ 'ಫಾಲ್ ಲೈನ್' ಎಂದು ಹೆಸರು. ಆ ದಾರಿಗೆ ಹಲಗೆಯನ್ನು ಅಡ್ಡಲಾಗಿ ಹಿಡಿದು, ಮೇಲುಗಡೆಯ ಉಕ್ಕಿನ ಅಂಚನ್ನು ಹಿಮಕ್ಕೆ ಊರಿದರೆ ನಿಲುಗಡೆ. ಊರಿದ್ದನ್ನು ಎಳ್ಳಷ್ಟು ಸಡಿಲಿಸಿದರೆ ಹಲಗೆಯು ಹಿಮವನ್ನು ಗುಡಿಸುತ್ತ ಅಡ್ಡವಾಗಿಯೇ ಇಳಿಯುತ್ತದೆ. ಮುಖವು ಕಣಿವೆಯ ಕಡೆಗಿದ್ದರೆ ಹಿಮ್ಮಡಿಯ ಅಂಚು, ಬೆಟ್ಟದ ಕಡೆಗಿದ್ದರೆ ಬೆರಳುಗಳ ಅಂಚು. ಹೀಗೆ ಒಂದೇ ಅಂಚಿನ ಮೇಲೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ತೊಟ್ಟು ಕಳಚಿದ ಅರಳಿಯೆಲೆಯು ಗಾಳಿಯಲ್ಲಿ ತೊನೆಯುತ್ತ ಇಳಿಯುವಂತೆ ಇಳಿಯುವ ಅಭ್ಯಾಸಕ್ಕೆ 'ಉದುರೆಲೆ' ಎಂದೇ ಅವರು ಹೆಸರಿಟ್ಟಿದ್ದಾರೆ. ಎರಡನೆಯ ದಿನದ ಬೆಳಗ್ಗೆ ನಾನು ಎಲೆಯಾಗಿದ್ದೆನು, ಬೆಳಕು ಹಿತವಾಗಿದ್ದಿತು, ಸ್ಲೆಡ್ಜಿನ ಮೇಲೆ ಕುಳಿತ ಒಂದು ಕುಟುಂಬವು ನನ್ನನ್ನು ಮೆಚ್ಚಿ ನೋಡುತ್ತಿದೆಯೆಂದು ತೋರಿತು. ಆ ಸಂತೋಷದಲ್ಲಿ ಬೆರಳುಗಳು ಕೂದಲೆಳೆಯಷ್ಟು ಕೆಳಗಿಳಿದಿರಬೇಕು. ಕಣಿವೆಯ ಕಡೆಯ ಅಂಚು ಹಿಮವನ್ನು ಮುಟ್ಟಿತು. ಮುಟ್ಟಿದ್ದೊಂದು ಗೊತ್ತು, ಮರುಕ್ಷಣದಲ್ಲಿ ನಾನು ಕವುಚಿ ಬಿದ್ದು ಹಿಮವನ್ನು ಮುಕ್ಕುತ್ತಿದ್ದೆನು. ಎಡವಿದಾಗ ಬೀಳುವುದಕ್ಕೆ ಕೊಂಚ ಸಮಯ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ, ಚಾಪೆಯನ್ನು ಕಾಲಡಿಯಿಂದ ಎಳೆದ ಹಾಗೆ. ಇದನ್ನು 'ಎಡ್ಜ್ ಹಿಡಿಯಿತು' ಎನ್ನುತ್ತಾರೆ. ಬೆಟ್ಟದ ಕಡೆಗೆ ಮುಖಮಾಡಿರುವಾಗ ಹೀಗಾದರೆ ಮನುಷ್ಯನು ಹಿಂಗಡೆಗೆ ಬಿದ್ದು ತಲೆಯು ನೆಲಕ್ಕೆ ಅಪ್ಪಳಿಸುತ್ತದೆ. ಹೆಲ್ಮೆಟ್ಟಿಲ್ಲದೆ ಹಲಗೆ ಹತ್ತಬಾರದೆಂಬುದಕ್ಕೆ ಬೇರೆ ಉಪನ್ಯಾಸ ಬೇಕಿಲ್ಲ.

ಹೊಸಬರಲ್ಲಿ ಮುರಿಯುವುದು ಹೆಚ್ಚಾಗಿ ಮಣಿಕಟ್ಟು. ಸ್ಕೀಯವರಿಗೆ ಮೊಣಕಾಲಿನ ಭಯ, ಇವರಿಗೆ ಕೈಯ ಭಯ. ಬೀಳುವವನು ಅಂಗೈ ಚಾಚಿ ನೆಲವನ್ನು ತಡೆಯಲು ಹೋಗುವುದೇ ಇದಕ್ಕೆ ಕಾರಣ. ಆದುದರಿಂದ ಮುಷ್ಟಿ ಕಟ್ಟಿ ಮುಂದೋಳಿನ ಮೇಲೆ ಬೀಳಬೇಕು. ಹಿಂದಕ್ಕೆ ಬೀಳುವುದಾದರೆ ಗಲ್ಲವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಾಗಿಸಿ, ಕೂರುವ ಭಾಗಕ್ಕೆ ಆ ಹೊಣೆಯನ್ನು ವಹಿಸಬೇಕು. ಗುರುವು ನನ್ನನ್ನು ಹತ್ತು ಸಲ ಬರಿದೇ ಬೀಳಿಸಿ ಇದನ್ನು ರೂಢಿ ಮಾಡಿಸಿದನು. ವಯಸ್ಕನೊಬ್ಬನು ಸಾರ್ವಜನಿಕವಾಗಿ, ಬುದ್ಧಿಪೂರ್ವಕವಾಗಿ, ಪದೇ ಪದೇ ಬೀಳುವುದರಲ್ಲಿ ಒಂದು ವಿಲಕ್ಷಣವಾದ ಬಿಡುಗಡೆಯುಂಟು. ನಾಲ್ಕನೆಯ ಸಲದ ಹೊತ್ತಿಗೆ ಮರ್ಯಾದೆಯ ಚಿಂತೆಯು ಹಿಮದಡಿಯಲ್ಲೆಲ್ಲೋ ಹೂತುಹೋಗಿದ್ದಿತು.

ಇಷ್ಟಾದರೂ ತಿರುವು ಬರಲಿಲ್ಲ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಒಂದು ಗಳಿಗೆ ಹಲಗೆಯ ಮೂಗು ನೇರವಾಗಿ ಕೆಳಗೆ, ಫಾಲ್ ಲೈನಿನ ಉದ್ದಕ್ಕೆ, ನೋಡಲೇಬೇಕು. ಆ ಗಳಿಗೆಯಲ್ಲಿ ವೇಗ ಏರುತ್ತದೆ. ಏರಿದೊಡನೆ ಒಳಗಿನಿಂದ ಯಾರೋ ಹಿರಿಯರು 'ಹಿಂದಕ್ಕೆ ಸರಿ' ಎಂದು ಗದರಿದಂತಾಗಿ, ಮೈಯೆಲ್ಲ ಹಿಂಗಾಲಿನ ಮೇಲೆ ವಾಲುತ್ತದೆ. ಎತ್ತಿನ ಗಾಡಿ ಹೊಡೆದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ: ಹೇರು ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು, ನೊಗವು ಎತ್ತುಗಳ ಹೆಗಲಿನ ಮೇಲೆ ನಿಲ್ಲದು, ಎತ್ತುಗಳಿದ್ದೂ ಗಾಡಿಗೆ ದಿಕ್ಕಿಲ್ಲ. ಹಲಗೆಯದೂ ಅದೇ ಕಥೆ. ತಿರುವನ್ನು ಆರಂಭಿಸುವುದು ಮುಂಗಾಲಿನ ಕೆಳಗಿನ ಅಂಚು. ಭಾರವು ಹಿಂದಕ್ಕೆ ಹೋದೊಡನೆ ಮೂಗು ಹಗುರವಾಗಿ ತೇಲುತ್ತದೆ, ಅಂಚು ಹಿಮವನ್ನು ಕಚ್ಚುವುದಿಲ್ಲ, ಹಲಗೆಯು ತಿರುಗದೆ ನೇರವಾಗಿ ಇನ್ನೂ ವೇಗವಾಗಿ ಇಳಿಯುತ್ತದೆ. ವೇಗ ಹೆಚ್ಚಿದಷ್ಟೂ ಭಯ, ಭಯ ಹೆಚ್ಚಿದಷ್ಟೂ ಹಿಂಭಾರ. ನೆಲದ ಮೇಲೆ ಈ ಹಿಂಜರಿಕೆಯೇ ನಮ್ಮನ್ನು ಬಾವಿಗೆ ಬೀಳದಂತೆ, ಅಟ್ಟದಿಂದ ಉರುಳದಂತೆ ಕಾಪಾಡಿಕೊಂಡು ಬಂದಿದೆ. ಅದಕ್ಕೆ ನಾನು ಋಣಿಯೇ ಹೊರತು ಶತ್ರುವಲ್ಲ. ಆದರೆ ಹಿಮದ ಇಳಿಜಾರಿನಲ್ಲಿ ಅದರ ಹಿತವಚನವನ್ನು ಕೇಳಿದವನು ಕೆಡುತ್ತಾನೆ. ಹೆದರಿಕೆಯಾದಾಗಲೇ ಎದೆಯನ್ನು ಹೆದರಿಕೆಯ ಕಡೆಗೆ ನೀಡಿ ಮುಂಗಾಲಿನ ಮೇಲೆ ನಿಲ್ಲಬೇಕು. ಈ ತತ್ತ್ವವನ್ನು ನಾನು ಐದು ನಿಮಿಷದಲ್ಲಿ ಅರ್ಥಮಾಡಿಕೊಂಡೆನು, ಗುರುವಿಗೇ ತಿರುಗಿ ವಿವರಿಸಿದೆನು ಕೂಡ. ನನ್ನ ತೊಡೆಗಳಿಗೆ ಅದು ಅರ್ಥವಾಗಲು ಎರಡೂವರೆ ದಿನ ಹಿಡಿಯಿತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಕೇಳುವವರುಂಟು. ಬಗ್ಗುವುದೇ ಪ್ರಶ್ನೆ, ನಿಜ. ಆದರೆ ಅದು ವಯಸ್ಸಿನದು ಮಾತ್ರವಲ್ಲ. ರಷ್ಯದ ಶರೀರವಿಜ್ಞಾನಿ ನಿಕೊಲಾಯ್ ಬೆರ್ನ್‌ಷ್ಟೈನ್ ಎಂಬುವನು 1920ರ ದಶಕದಲ್ಲಿ, ಮಾಸ್ಕೋದ ಕೇಂದ್ರ ಶ್ರಮಸಂಸ್ಥೆಯಲ್ಲಿ, ಉಳಿಯ ತಲೆಗೆ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ತೋಳುಗಳಿಗೆ ಪುಟ್ಟ ವಿದ್ಯುದ್ದೀಪಗಳನ್ನು ಕಟ್ಟಿ ಅವರ ಚಲನೆಯನ್ನು ಛಾಯಾಚಿತ್ರಗಳಲ್ಲಿ ಹಿಡಿದನು. ಪ್ರತಿ ಪೆಟ್ಟಿಗೂ ಭುಜ, ಮೊಣಕೈ, ಮಣಿಕಟ್ಟುಗಳ ದಾರಿ ಬೇರೆಬೇರೆಯಾಗಿಯೇ ಇದ್ದರೂ ಸುತ್ತಿಗೆಯ ತುದಿ ಮಾತ್ರ ಹೆಚ್ಚು ಕದಲದೆ ಅದೇ ಗುರಿಗೆ ಬಂದು ಬೀಳುತ್ತಿದ್ದಿತು. ಒಂದು ಕೀಲಿನ ತಪ್ಪನ್ನು ಇನ್ನೊಂದು ಕೀಲು ತಿದ್ದುತ್ತಿದ್ದಿತು. ಹೊಸಬನಿಗೆ ಇಷ್ಟೊಂದು ಕೀಲುಗಳನ್ನು ಒಟ್ಟಿಗೆ ಆಳಲು ಬಾರದು; ಆದಕಾರಣ ಅವನು ಬಹುಪಾಲನ್ನು ಬಿಗಿದು ಬೀಗಹಾಕಿ ಕೆಲವನ್ನಷ್ಟೇ ಆಡಿಸುತ್ತಾನೆ ಎಂಬುದು ಬೆರ್ನ್‌ಷ್ಟೈನನ ವಾದ. ಇಳಿಜಾರಿನ ಮೇಲೆ ನಿಂತ ಹೊಸಬನು ನೆಟ್ಟ ಕಂಬದಂತೆ ಕಾಣುವುದು ಇದಕ್ಕೇ. ಮೊಣಕಾಲು ಮಡಿಸು ಎಂದು ಗುರುವು ಕೂಗಿದಾಗ ಮಡಿಸಿದ್ದೇನೆಂದೇ ನಾನು ನಂಬಿದ್ದೆನು. ಆತನು ತನ್ನ ಫೋನಿನಲ್ಲಿ ಹಿಡಿದಿದ್ದ ಚಿತ್ರವನ್ನು ತೋರಿಸಿದಾಗ ಅಲ್ಲಿದ್ದದ್ದು, ಸೊಂಟದಲ್ಲಿ ಮಾತ್ರ ಮುರಿದು, ಕಾಲುಗಳನ್ನು ಒನಕೆಗಳಂತೆ ನೆಟ್ಟಗಿಟ್ಟುಕೊಂಡು, ಕಳೆದುಹೋದ ನಾಣ್ಯವನ್ನು ಹುಡುಕುತ್ತಿರುವ ಒಬ್ಬ ವೃದ್ಧನ ಆಕೃತಿ.

ನಾಣ್ಯ ಹುಡುಕುವುದೂ ಒಂದು ದೋಷವೇ. ಕಣ್ಣು ಪಾದಕ್ಕೆ ಬಿದ್ದರೆ ತಲೆ ಬಾಗುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ಸೊಂಟ. ಹೋಗಬೇಕಾದ ಕಡೆಗೆ ನೋಡಿದರೆ ಅದೇ ಸರಪಳಿ ಹಲಗೆಯನ್ನು ಆ ಕಡೆಗೆ ತಿರುಗಿಸುತ್ತದೆ. "ಸಾಮನೆ ದೇಖಿಯೇ ಸಾಬ್, ಪೈರ್ ನಹೀಂ" (ಮುಂದೆ ನೋಡಿ ಸಾಹೇಬರೇ, ಕಾಲನ್ನಲ್ಲ) ಎಂಬ ವಾಕ್ಯವನ್ನು ಆ ನಾಲ್ಕು ದಿನಗಳಲ್ಲಿ ನಾನು ನೂರು ಸಲ ಕೇಳಿರಬೇಕು. ಗುಡ್ಡಕ್ಕೆ ಎಳೆದೊಯ್ಯುವ ಹಗ್ಗದ ಯಂತ್ರದ ಗುಂಡಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಏರುವಾಗ ಪಟ್ಟ ಅವಸ್ಥೆಯನ್ನು ವರ್ಣಿಸುವುದು ಸಭ್ಯತೆಯಲ್ಲವಾದ್ದರಿಂದ ಬಿಟ್ಟಿದ್ದೇನೆ.

ಮೂರನೆಯ ರಾತ್ರಿ, ನೂನ್ ಚಾಯ್ ಎಂಬ ಉಪ್ಪಿನ ಚಹದ ಬಟ್ಟಲನ್ನು ಎರಡು ಕೈಗಳಿಂದಲೂ ಎತ್ತಲಾರದೆ ಬಾಯನ್ನೇ ಬಟ್ಟಲಿಗೆ ಒಯ್ದು ಕುಡಿದು, ಕಾಂಗ್ಡಿಯೆಂಬ ಕೆಂಡದ ಕುಡಿಕೆಯ ಬಿಸಿಗೆ ಕೈಯೊಡ್ಡಿ, ಇನ್ನು ಸಾಕೆಂದು ನಿರ್ಧರಿಸಿ ಮಲಗಿದೆನು. ಅಂಗಸಾಧನೆಯ ಕಲಿಕೆಯು ನಿದ್ರೆಯಲ್ಲಿ ಗಟ್ಟಿಯಾಗುತ್ತದೆಂದು ಪ್ರಯೋಗಗಳು ತೋರಿಸಿವೆಯಷ್ಟೆ. ನನ್ನ ನಿರ್ಧಾರದೊಡನೆ ಸಮಾಲೋಚಿಸದೆಯೇ ಆ ಕೆಲಸವು ಒಳಗೆ ನಡೆದಿರಬೇಕು. ಬೆಳಗ್ಗೆ, ಕೊನೆಯ ಸಲವೆಂದು, ಅದೇ ಇಳಿಜಾರಿನಲ್ಲಿ ನಿಂತು, ಬಲಗಾಲಿನ ಮೇಲೆ ಭಾರವಿಟ್ಟು, ಎದುರಿಗೆ ದೂರದಲ್ಲಿದ್ದ ಒಂದು ದೇವದಾರುವನ್ನು ನೋಡುತ್ತ ಬಿಟ್ಟುಕೊಂಡೆನು. ಮೂಗು ಕೆಳಗೆ ತಿರುಗಿತು. ಹೊಟ್ಟೆಯಲ್ಲಿ ಆ ಹಿರಿಯರು ಗದರಿದರು. ಗದರಲಿ ಎಂದು ಮುಂದಕ್ಕೇ ಬಾಗಿದೆನು. ಬೆರಳುಗಳ ಕೆಳಗೆ ಅಂಚು ಕಚ್ಚಿಕೊಂಡದ್ದು, ಹೊಸ ಸೀಸದಕಡ್ಡಿಯು ಕಾಗದವನ್ನು ಹಿಡಿದಂತೆ, ಬೂಟಿನೊಳಗಿನಿಂದ ತಿಳಿಯಿತು. ಬೆಟ್ಟವು ಎದುರಿಗೆ ಬಂದಿತು, ಹೋಯಿತು. ಹಿಮ್ಮಡಿಯ ಅಂಚು ಹಿಡಿಯಿತು. ಕಣಿವೆಯು ಎದುರಿಗೆ ಬಂದಿತು. ಎರಡು ತಿರುವುಗಳು ಒಂದಕ್ಕೊಂದು ಕೂಡಿಕೊಂಡಿದ್ದುವು. ಗುರುವು ಇದನ್ನು ಇಂಗ್ಲಿಷಿನ ಎಸ್ ಅಕ್ಷರವೆನ್ನುತ್ತಿದ್ದನು; ನನಗೆ ಮಾತ್ರ ಅದು, ಸಂಧಿಯಲ್ಲಿ ಲುಪ್ತವಾದ ಅಕಾರಕ್ಕೆ ಸಂಸ್ಕೃತ ಶ್ಲೋಕಗಳ ನಡುವೆ ಬರೆಯುವ ಅವಗ್ರಹಚಿಹ್ನೆಯಾಗಿ ತೋರಿತು. ಅಷ್ಟು ದೊಡ್ಡ ಅವಗ್ರಹವನ್ನು ಅಷ್ಟು ಬಿಳಿಯ ಹಾಳೆಯ ಮೇಲೆ ನನ್ನ ಕಾಲುಗಳೇ ಬರೆದಿವೆಯೆಂಬ ಹೆಮ್ಮೆಯಿಂದ, ಅದರ ರೂಪವನ್ನು ಕಣ್ಣಾರೆ ಕಾಣಬೇಕೆಂದು ಹಿಂದಿರುಗಿ ನೋಡಿದೆನು. ತಲೆ ತಿರುಗಿತು, ತಲೆಯ ಹಿಂದೆ ಭುಜ, ಭುಜದ ಹಿಂದೆ ಸೊಂಟ.

ಹಿಮದ ಮೇಲೆ ಕುಳಿತಿದ್ದ ನನ್ನ ಪಕ್ಕದಲ್ಲಿ ಗುರುವು ಬಂದು ನಿಂತು, ಕೈ ನೀಡದೆ, "ಸಾಮನೆ ದೇಖಿಯೇ ಸಾಬ್" ಎಂದನು.